ಎಳೆಬಿಸಿಲಿನ ಸ್ವೆಟರು

ಉಣ್ಣೆಯ ಸ್ವೆಟರೆಂಬುದು ಧನುರ್ಮಾಸದ ನಸುಕಿನಲ್ಲಿ ಟ್ರಂಕಿನಿಂದ ಹೊರಬಂದು, ಶಿವರಾತ್ರಿಗೆ ಚಳಿಯು ಶಿವಶಿವಾ ಎಂದು ಹೊರಟುಹೋಗುವುದರೊಡನೆ ಮತ್ತೆ ಟ್ರಂಕನ್ನೇ ಸೇರತಕ್ಕ ಉಡುಪೆಂದು ನಮ್ಮಲ್ಲಿ ಬಹುಮಂದಿ ಎಣಿಸಿರುವರು. ಆದರೆ ಪುರುಷರ ಸಾಂಪ್ರದಾಯಿಕ ಹೆಣಿಗೆಯ ಉಡುಪುಗಳಲ್ಲಿ ಅತ್ಯಂತ ಪ್ರಸಿದ್ಧವಾದುದೊಂದು ಬೇಸಗೆಯ ಆಟವೊಂದಕ್ಕಾಗಿಯೇ ರೂಪುಗೊಂಡಿತೆಂಬುದನ್ನೂ, ಆ ಆಟವನ್ನು ನಾವು ನಮ್ಮದೆಂದೇ ಅಂಗೀಕರಿಸಿ ತಲೆಮಾರುಗಳು ಕಳೆದಿವೆಯೆಂಬುದನ್ನೂ ಈ ಎಣಿಕೆ ಮರೆಯುತ್ತದೆ. ಕ್ರಿಕೆಟ್ಟಿನ ಬಿಳಿಯ ಸ್ವೆಟರನ್ನು ಕುರಿತು ಹೇಳುತ್ತಿದ್ದೇನೆ. ಇಂಗ್ಲೆಂಡಿನಲ್ಲಿ ಆ ಆಟದ ಕಾಲವು ಏಪ್ರಿಲ್ಲಿನಿಂದ ಸೆಪ್ಟೆಂಬರಿನವರೆಗೆ. ಅಂದರೆ ಅಲ್ಲಿಯ ಜನರು ಚಳಿಗಾಲದ ದಪ್ಪ ಕೋಟನ್ನು ಮಡಿಸಿಟ್ಟ ಮೇಲೆಯೇ ಈ ಉಣ್ಣೆಯ ಉಡುಪು ಬೀರುವಿನಿಂದ ಹೊರಬರುವುದು. ಬೆಚ್ಚನೆಯ ಹವೆಯಲ್ಲಿ ಉಣ್ಣೆಯನ್ನು ಧರಿಸುವುದು ಹೇಗೆಂಬ ಪ್ರಶ್ನೆಗೆ ಉತ್ತರವನ್ನು ಹುಡುಕುವವರು ಮೊದಲು ಈ ಸ್ವೆಟರನ್ನೇ ಪರಾಂಬರಿಸಿ ನೋಡುವುದು ಒಳಿತು.

ಅದನ್ನು ಒಮ್ಮೆ ಕೈಯಲ್ಲಿ ಹಿಡಿದವರಿಗೆ, ಅದರ ಪ್ರತಿಯೊಂದು ಅಂಗವೂ ಯಾವುದೋ ಒಂದು ಪ್ರಯೋಜನವನ್ನು ಸಾಧಿಸಲೆಂದೇ ಇರುವುದು ಗೋಚರವಾಗುತ್ತದೆ. ಬಣ್ಣ ಹಾಕದ ಉಣ್ಣೆಗೆ ಸಹಜವಾದ ಕೆನೆಬಣ್ಣ ಬಿಸಿಲನ್ನು ಹೀರದು. ಕೊರಳಿನಿಂದ ಎದೆಯ ನಡುವಿನವರೆಗೂ ಇಳಿದ ‘ವಿ’ ಆಕಾರದ ತೆರಪು ಮೈಯ ಬಿಸಿಗಾಳಿ ಮೇಲೇರಿ ಹೊರಹೋಗಲು ದಾರಿ ಬಿಡುತ್ತದೆ. ಮೇಲಿಂದ ಕೆಳಕ್ಕೆ ಜಡೆಯಂತೆ ಹೊಸೆದುಕೊಂಡು ಇಳಿಯುವ ಹೆಣಿಗೆ ಬಟ್ಟೆಗೆ ಹಿಗ್ಗುವ ಗುಣವನ್ನು ಕೊಟ್ಟು ತೋಳನ್ನು ಬೀಸಲು ಅಡ್ಡಿ ಮಾಡದಿರುತ್ತದೆ. ಕೊರಳಿನ ಅಂಚಿನಲ್ಲಿ ತಂಡದ ವರ್ಣಗಳು. 1787ರಲ್ಲಿ ಸ್ಥಾಪಿತವಾದ ಮೇರಿಲಿಬೋನ್ ಕ್ರಿಕೆಟ್ ಕ್ಲಬ್ಬಿನ ವರ್ಣಗಳು ಕೆಂಪು ಮತ್ತು ಹಳದಿ. ಇಂಗ್ಲೆಂಡಿನ ತಂಡವು ಹೊರದೇಶಗಳಿಗೆ ಹೋದಾಗ ಅವನ್ನೇ ಧರಿಸುತ್ತಿದ್ದು, 1996–97ರ ನ್ಯೂಜಿಲೆಂಡ್ ಪ್ರವಾಸದೊಡನೆ ಆ ಸಂಪ್ರದಾಯ ಮುಗಿಯಿತು. ಟೆನಿಸ್ ಆಟಗಾರರೂ ಇದೇ ಉಡುಪನ್ನು ತಮ್ಮದನ್ನಾಗಿ ಮಾಡಿಕೊಂಡರು; ವಿಂಬಲ್ಡನ್ನಿನಲ್ಲಿ 1920, 1921 ಮತ್ತು 1930ರಲ್ಲಿ ಗೆದ್ದ ಅಮೆರಿಕದ ಬಿಲ್ ಟಿಲ್ಡನ್ ಜಡೆಹೆಣಿಗೆಯ ಬಿಳಿಯ ಸ್ವೆಟರಿನಲ್ಲಿ ನಿಂತಿರುವ ಭಾವಚಿತ್ರಗಳನ್ನು ಇಂದಿಗೂ ಕಾಣಬಹುದು. ಇವೆಲ್ಲಕ್ಕಿಂತ ಮುಖ್ಯವಾದ ಸಂಗತಿಯೊಂದು ಉಂಟು. ಚೆಂಡೆಸೆಯುವವನು ತನ್ನ ಓವರಿಗೆ ಮೊದಲು ಸ್ವೆಟರನ್ನು ಕಳಚಿ ಅಂಪೈರಿನ ಕೈಗೆ ಕೊಡುತ್ತಾನೆ, ಅಂಪೈರು ಅದರ ತೋಳುಗಳನ್ನು ತನ್ನ ನಡುವಿಗೆ ಸುತ್ತಿ ಕಟ್ಟಿಕೊಳ್ಳುತ್ತಾನೆ, ಓವರು ಮುಗಿದೊಡನೆ ಬೆವರಿದ ಮೈಗೆ ಗಾಳಿ ಸೋಕದಂತೆ ಎಸೆತಗಾರನು ಅದನ್ನು ಮತ್ತೆ ತೊಟ್ಟುಕೊಳ್ಳುತ್ತಾನೆ. ದಿನಕ್ಕೆ ಹತ್ತು ಬಾರಿ ತೊಟ್ಟು ಹತ್ತು ಬಾರಿ ಕಳಚುವ ಉಡುಪು ಇದು. ಬೆಚ್ಚನೆಯ ಹವೆಯ ಸ್ವೆಟರಿಗೆ ಇದೇ ಮೊದಲನೆಯ ಲಕ್ಷಣ.

ಉಣ್ಣೆಯು ತಾನಾಗಿ ಬಿಸಿಯಾದ ಪದಾರ್ಥವೇನೂ ಅಲ್ಲ. ಅದರ ಎಳೆಗಳು ಸುರುಳಿ ಸುರುಳಿಯಾಗಿರುವುದರಿಂದ ಅವುಗಳ ನಡುವೆ ಗಾಳಿ ಸಿಕ್ಕಿಕೊಂಡು ಅಲುಗಾಡದೆ ನಿಲ್ಲುತ್ತದೆ. ನಿಂತ ಗಾಳಿಯ ಮೂಲಕ ಶಾಖವು ಬಹಳ ನಿಧಾನವಾಗಿ ಹರಿಯುವುದಾದಕಾರಣ ಮೈಯ ಶಾಖ ಮೈಯಲ್ಲೇ ಉಳಿಯುತ್ತದೆ. ನೇಯ್ದ ಬಟ್ಟೆಯಲ್ಲಿ ಹಾಸು ಹೊಕ್ಕುಗಳು ಒಂದನ್ನೊಂದು ಬಿಗಿದು ಗಾಳಿಯನ್ನು ತಡೆದರೆ, ಹೆಣಿಗೆಯಾದರೋ ಕುಣಿಕೆಯೊಳಗೆ ಕುಣಿಕೆಯನ್ನು ತೂರಿಸಿ ಮಾಡಿದ್ದು. ಅದರಲ್ಲಿ ಗಾಳಿ ನಿಲ್ಲುವುದಕ್ಕೂ ಅವಕಾಶವುಂಟು, ಬೀಸುವ ಗಾಳಿ ಹಾದುಹೋಗುವುದಕ್ಕೂ ಅವಕಾಶವುಂಟು. ಆದುದರಿಂದ ಒಂದೇ ಸ್ವೆಟರು ಎರಡು ಬಗೆಯಾಗಿ ವರ್ತಿಸುತ್ತದೆ. ಅದರ ಮೇಲೊಂದು ಕೋಟನ್ನು ಹಾಕಿದೊಡನೆ ಕುಣಿಕೆಗಳೊಳಗಿನ ಗಾಳಿ ಸೆರೆಯಾಗಿ ಅದು ಕುಲುಮೆಯಂತಾಗುತ್ತದೆ. ಕೋಟನ್ನು ತೆಗೆದು ಸ್ವೆಟರನ್ನೇ ಹೊರಗಣ ಉಡುಪಾಗಿ ಬಿಟ್ಟರೆ, ಸಣ್ಣ ಗಾಳಿ ಬೀಸಿದರೂ ಸಾಕು, ಹಳೆಯ ಗಾಳಿ ಹೋಗಿ ಹೊಸ ಗಾಳಿ ಬಂದು ಮೈ ಹಗುರಾಗುತ್ತದೆ. ನಮ್ಮ ಮದುವೆ ಮುಂಜಿಗಳಲ್ಲಿ, ಮಧ್ಯಾಹ್ನದ ಹೊತ್ತಿಗೆ ಕೋಟಿನೊಳಗೆ ಸ್ವೆಟರನ್ನು ಸೇರಿಸಿಕೊಂಡು ಮುಖವೆಲ್ಲ ಬೆವರಾಗಿ ಕುಳಿತಿರುವ ಹಿರಿಯರನ್ನು ನೋಡಿದಾಗಲೆಲ್ಲ, ಎರಡರಲ್ಲಿ ಒಂದನ್ನು, ಅದರಲ್ಲೂ ಕೋಟನ್ನೇ, ತೆಗೆದಿಟ್ಟರೆ ಅವರಿಗೆಷ್ಟು ನೆಮ್ಮದಿಯಾದೀತೆಂದು ನನ್ನ ಮನಸ್ಸು ಮರುಗುತ್ತದೆ. ಬೆಚ್ಚನೆಯ ಹವೆಯಲ್ಲಿ ಸ್ವೆಟರಿನ ಮೇಲೆ ಯಾವುದೂ ಇರಬಾರದು. ಈ ಲೇಖನದಲ್ಲಿ ಒಂದೇ ಒಂದು ಮಾತನ್ನು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿರಿ.

ಉಣ್ಣೆಗೆ ಇನ್ನೊಂದು ಗುಣವಿದೆ. ಗಾಳಿಯಲ್ಲಿರುವ ತೇವವನ್ನೂ ಮೈಯಿಂದೇಳುವ ಬೆವರಿನ ಆವಿಯನ್ನೂ ಅದು ತನ್ನ ಎಳೆಯೊಳಕ್ಕೆ ಹೀರಿಕೊಳ್ಳಬಲ್ಲದು. ತನ್ನ ತೂಕದ ಸುಮಾರು ಮೂರನೆಯ ಒಂದರಷ್ಟು ತೇವವನ್ನು ಹೀರಿಯೂ ಮುಟ್ಟಿದವರಿಗೆ ಅದು ಒದ್ದೆಯೆನಿಸುವುದಿಲ್ಲ. ಸಾಮಾನ್ಯ ಹವೆಯಲ್ಲಿ ಒಣಗಿರುವಂತೆ ಕಾಣುವ ಉಣ್ಣೆಯಲ್ಲಿಯೂ ಶೇಕಡ 16ರಷ್ಟು ತೇವವಿರುವುದು. ಹತ್ತಿಯಲ್ಲಿ ಅದು ಶೇಕಡ 8ರ ಆಸುಪಾಸು. ಅಂಗಡಿಗಳಲ್ಲಿ ಅಗ್ಗಕ್ಕೆ ಮಾರುವ ಅಕ್ರಿಲಿಕ್ ಎಂಬ ಕೃತಕ ನೂಲಿನಲ್ಲಾದರೋ ಅದು ಶೇಕಡ 2ನ್ನೂ ಮೀರದು. ಬೆವರನ್ನು ಒಳಕ್ಕೆ ಬಿಟ್ಟುಕೊಳ್ಳಲಾರದ ಈ ನೂಲು ಮೈಗೆ ಅಂಟಿ ಕಸಿವಿಸಿಯುಂಟುಮಾಡುತ್ತದೆ. ಸ್ವೆಟರು ಸೆಖೆ ಎಂದು ನಮ್ಮವರು ದೂರುವುದರಲ್ಲಿ ಬಹುಭಾಗ ಉಣ್ಣೆಯ ಮೇಲೆ ಹೊರಿಸಿದ ಅಕ್ರಿಲಿಕ್ಕಿನ ಅಪರಾಧವೆಂದೇ ನನ್ನ ದೃಢವಾದ ಅಭಿಪ್ರಾಯ. ಕ್ಯಾಶ್ಮಿಲಾನ್ ಎಂಬ ಹೆಸರನ್ನು ಕೇಳಿ ಅದರಲ್ಲಿ ಕಾಶ್ಮೀರದ ಮೇಕೆಯ ತುಪ್ಪಳವಿದೆಯೆಂದು ನಂಬಿದವರು ನಮ್ಮ ಮನೆಗಳಲ್ಲೇ ಉಂಟು, ಅದೂ ಅಕ್ರಿಲಿಕ್ಕೇ. ಕೊಳ್ಳುವ ಮೊದಲು ಒಳಗೆ ಹೊಲಿದಿರುವ ಚೀಟಿಯನ್ನು ಓದಬೇಕು. ಚೀಟಿಯಿಲ್ಲದ ಹಳೆಯ ಸ್ವೆಟರಾದರೆ ಸೆರಗಿನಿಂದ ಒಂದು ಎಳೆಯನ್ನು ಕಿತ್ತು, ಇಕ್ಕುಳದಲ್ಲಿ ಹಿಡಿದು ಸುಟ್ಟು ನೋಡಬಹುದು: ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು, ಜ್ವಾಲೆಯಿಂದ ಹೊರಗೆಳೆದೊಡನೆ ಆರಿ, ಬೆರಳಲ್ಲಿ ಪುಡಿಯಾಗುವ ಬೂದಿ ಉಳಿಯುತ್ತದೆ, ಕೃತಕ ನೂಲಾದರೆ ಕರಗಿ ಗಟ್ಟಿಯಾದ ಕರಿಯ ಮಣಿಯಾಗುತ್ತದೆ.

ಉಣ್ಣೆಗೂ ಬಿಸಿಲಿಗೂ ವೈರವಿಲ್ಲವೆಂಬುದನ್ನು ನಮ್ಮ ಬಯಲುಸೀಮೆಯ ಕುರಿಗಾಹಿಗಳು ಯಾವ ಪುಸ್ತಕವನ್ನೂ ಓದದೆ ಬಲ್ಲರು. ದಖನಿ ಕುರಿಯ ಒರಟು ಉಣ್ಣೆಯನ್ನು ನೂತು, ಹಾಸಿಗೆ ಹುಣಸೆಬೀಜದ ಗಂಜಿಯನ್ನು ಹಚ್ಚಿ, ಗುಂಡಿಮಗ್ಗದಲ್ಲಿ ನೇಯ್ದ ಕರಿಯ ಕಂಬಳಿಯು ಮಳೆಯಲ್ಲಿ ಕೊಪ್ಪೆಯಾಗಿಯೂ ರಾತ್ರಿಯಲ್ಲಿ ಹಾಸಿಗೆ ಹೊದಿಕೆಗಳಾಗಿಯೂ ಸುಡುವ ಹಗಲಿನಲ್ಲಿ ತಲೆಗೆ ನೆರಳಾಗಿಯೂ ಅವರ ಹೆಗಲ ಮೇಲೆ ವರ್ಷವಿಡೀ ಇರುವುದು. ಅದು ನೇಯ್ಗೆ, ಇದು ಹೆಣಿಗೆ. ಅವೆರಡನ್ನೂ ಒಂದೇ ಎನ್ನಲಾಗದು. ಆದರೆ ಒಳಗಣ ಶಾಖವನ್ನು ಹೊರಬಿಡದ ಅದೇ ನಿಂತ ಗಾಳಿಯು ಹೊರಗಣ ಶಾಖವನ್ನೂ ಒಳಬಿಡದೆಂಬ ತತ್ತ್ವ ಎರಡಕ್ಕೂ ಸಮಾನ.

ಇನ್ನು ಸಾಂಪ್ರದಾಯಿಕ ಹೆಣಿಗೆಗಳಲ್ಲಿ ಯಾವುದು ನಮಗೆ ಒಗ್ಗೀತೆಂಬುದನ್ನು ವಿಚಾರಿಸೋಣ. ಇಂಗ್ಲಿಷ್ ಕಡಲ್ಗಾಲುವೆಯ ಗರ್ನ್ಸಿ ದ್ವೀಪದ ಬೆಸ್ತರ ಸ್ವೆಟರು, ಐದು ಎಳೆಗಳನ್ನು ಬಿಗಿಯಾಗಿ ಹುರಿಮಾಡಿದ ನೂಲಿನಿಂದ, ಹಿಂದು ಮುಂದು ಎಂಬ ಭೇದವಿಲ್ಲದೆ ಕೊಳವೆಯಂತೆ ಸುತ್ತಲೂ ಹೆಣೆದದ್ದು. ಕಂಕುಳಲ್ಲಿ ತೋಳಾಡಲು ವಜ್ರಾಕೃತಿಯ ತುಂಡೊಂದನ್ನು ಸೇರಿಸಿರುವರು. ಅದು ನೋಡಲು ತೆಳ್ಳಗಾದರೂ ಕಡಲಗಾಳಿಯನ್ನೂ ನೀರಿನ ತುಂತುರನ್ನೂ ತಡೆಯಲೆಂದೇ ಅಷ್ಟು ಬಿಗಿಯಾಗಿ ಹೆಣೆದದ್ದಾದ್ದರಿಂದ, ತೆಳುವೆಂಬ ಭ್ರಮೆಯಿಂದ ಅದನ್ನು ಬೆಚ್ಚನೆಯ ಹವೆಗೆ ಕೊಂಡವರು ಪರಿತಪಿಸಬೇಕಾಗುತ್ತದೆ.

ಐರ್ಲೆಂಡಿನ ಪಶ್ಚಿಮಕ್ಕೆ, ಗಾಲ್ವೆ ಕೊಲ್ಲಿಯ ಬಾಯಲ್ಲಿರುವ ಮೂರು ಆರನ್ ದ್ವೀಪಗಳ ಸ್ವೆಟರು ಇದಕ್ಕಿಂತ ದಪ್ಪವಾದುದು. ಜಡೆ, ಜೇನುಗೂಡು, ವಜ್ರ ಮೊದಲಾದ ಆಕೃತಿಗಳು ಉಬ್ಬುಚಿತ್ರದಂತೆ ಮೇಲೆದ್ದು ನಿಲ್ಲುವ ಅದರ ಸೌಂದರ್ಯಕ್ಕೆ ಮನಸೋಲದವರು ವಿರಳ. ಪ್ರತಿಯೊಂದು ಮನೆತನಕ್ಕೂ ತನ್ನದೇ ಆಕೃತಿಯಿತ್ತೆಂದೂ, ಕಡಲಲ್ಲಿ ಮುಳುಗಿದವನ ದೇಹವನ್ನು ಆ ಆಕೃತಿಯಿಂದಲೇ ಗುರುತಿಸುತ್ತಿದ್ದರೆಂದೂ ಒಂದು ಕತೆ ಲೋಕದಲ್ಲೆಲ್ಲ ಹಬ್ಬಿದೆ. ಜೆ. ಎಂ. ಸಿಂಜ್ ಎಂಬ ನಾಟಕಕಾರನ 1904ರ ‘ರೈಡರ್ಸ್ ಟು ದಿ ಸೀ’ ನಾಟಕದಲ್ಲಿ ಸೋದರಿಯೊಬ್ಬಳು ಮುಳುಗಿದ ಅಣ್ಣನ ಕಾಲುಚೀಲದಲ್ಲಿ ತಾನು ಬಿಟ್ಟ ಕುಣಿಕೆಗಳನ್ನು ಎಣಿಸಿ ಅವನನ್ನು ಗುರುತಿಸುವ ಸನ್ನಿವೇಶವಿದೆ. ಕಾಲುಚೀಲದ ಆ ಕರುಣಾಜನಕ ಪ್ರಸಂಗವನ್ನು ಮುಂದಿನವರು ಸ್ವೆಟರಿಗೆ ಆರೋಪಿಸಿ ಪುರಾತನ ಸಂಪ್ರದಾಯವೆಂಬಂತೆ ಬೆಳೆಸಿದರು. ನಿಜವಾಗಿ ನೋಡಿದರೆ ಈಗ ನಾವು ಕಾಣುವ ಆರನ್ ಸ್ವೆಟರು ಇಪ್ಪತ್ತನೆಯ ಶತಮಾನದ ಆರಂಭದ ಸೃಷ್ಟಿ. ಆ ದ್ವೀಪಗಳ ಹೆಂಗಸರು ತಮ್ಮ ಕೈಚಳಕದಿಂದ ಹೊಟ್ಟೆಪಾಡಿಗಾಗಿ ಅದನ್ನು ರೂಪಿಸಿದರೆಂಬುದೇ ಅದರ ಗೌರವಕ್ಕೆ ಸಾಲದೆ? ಕಟ್ಟುಕತೆಯ ಹಂಗು ಅದಕ್ಕೆ ಬೇಕಿಲ್ಲ. ಕಿಲೋದಷ್ಟು ತೂಗುವ ಇದನ್ನು ಮಡಿಕೇರಿಯ ಜನವರಿಯ ಇರುಳಿಗೋ ಬಾಬಾಬುಡನ್‌ಗಿರಿಯ ಮೇಲಣ ಬೆಳಗಿಗೋ ಮೀಸಲಿಡತಕ್ಕದ್ದು. ಬೆಂಗಳೂರಿನ ಹಗಲಿಗೆ ಇದು ಸಲ್ಲದು.

ಸ್ಕಾಟ್ಲೆಂಡಿನ ಉತ್ತರಕ್ಕೆ, ಆರ್ಕ್ನಿ ಮತ್ತು ಶೆಟ್ಲೆಂಡುಗಳ ನಡುವೆ ಒಂಟಿಯಾಗಿರುವ ಫೇರ್ ಐಲ್ ದ್ವೀಪದ ಹೆಣಿಗೆಯೆಂದರೆ ನನಗೆ ವಿಶೇಷವಾದ ಪ್ರೀತಿ. ಅದರ ಒಂದೊಂದು ಸಾಲಿನಲ್ಲಿಯೂ ಎರಡೇ ಬಣ್ಣ. ಸಾಲಿನಿಂದ ಸಾಲಿಗೆ ಆ ಜೋಡಿ ಬದಲಾಗುತ್ತ ಹೋಗುವುದರಿಂದ ಕಣ್ಣಿಗೆ ಹಲವು ಬಣ್ಣಗಳ ರಂಗೋಲಿಯಂತೆ ತೋರುತ್ತದೆ. ಮುಂದೆ ಇಂಗ್ಲೆಂಡಿನ ದೊರೆಯಾಗಿ ಪಟ್ಟವನ್ನು ತ್ಯಜಿಸಿದ ವೇಲ್ಸ್ ಯುವರಾಜನು 1922ರಲ್ಲಿ ಸೇಂಟ್ ಆಂಡ್ರೂಸಿನ ಗಾಲ್ಫ್ ಮೈದಾನಕ್ಕೆ ಇದನ್ನು ಧರಿಸಿ ಬಂದನು; ಅದೇ ವರ್ಷದ ಜನವರಿಯಲ್ಲಿ ಅವನು ನಮ್ಮ ಮೈಸೂರಿಗೂ ಬಂದು ಹೋಗಿದ್ದನು. ಬೆಸ್ತರ ಮನೆಯ ಹೆಣಿಗೆ ಅಂದಿನಿಂದ ಶ್ರೀಮಂತರ ಬೀರುವನ್ನು ಹೊಕ್ಕಿತು. ಬಳಸದ ಬಣ್ಣದ ನೂಲು ಬಟ್ಟೆಯ ಹಿಂಬದಿಯಲ್ಲಿ ಹಾದುಹೋಗುವುದರಿಂದ ಇದು ಎರಡು ಪದರದಷ್ಟು ಬೆಚ್ಚಗಿರುತ್ತದೆ. ಆದಕಾರಣ ನಾವು ಇದರ ತೋಳಿಲ್ಲದ ರೂಪವನ್ನು ಆರಿಸಿಕೊಳ್ಳಬೇಕು. ಎದೆಗೂ ಬೆನ್ನಿಗೂ ಬೆಚ್ಚಗೆ, ಕಂಕುಳು ತೋಳುಗಳಿಗೆ ತಂಪಾಗಿ ಇರುವ ತೋಳಿಲ್ಲದ ಸ್ವೆಟರು, ಅದು ಫೇರ್ ಐಲ್ ಆಗಿರಲಿ ಕ್ರಿಕೆಟ್ಟಿನದಾಗಿರಲಿ, ದಖನ್ ಪ್ರಸ್ಥಭೂಮಿಯ ಹವೆಗೆ ಹೇಳಿ ಮಾಡಿಸಿದಂತಿರುವುದು.

ಅಂಗಡಿಯಲ್ಲಿ ಆರಿಸುವಾಗ ದಪ್ಪ ತೆಳುವುಗಳನ್ನು ಕಣ್ಣಳತೆಯಿಂದ ನಿರ್ಣಯಿಸಬಾರದು. ಯಂತ್ರದ ಹೆಣಿಗೆಗೆ ‘ಗೇಜ್’ ಎಂಬ ಅಳತೆಯುಂಟು. ಅಂಗುಲಕ್ಕೆ ಎಷ್ಟು ಸೂಜಿಗಳೆಂಬುದೇ ಅದರ ಅರ್ಥ. 12 ಗೇಜಿನದಕ್ಕೂ ಅದಕ್ಕಿಂತ ನಯವಾದುದಕ್ಕೂ ನಮ್ಮ ಹವೆಯಲ್ಲಿ ಸ್ಥಾನವಿದೆ. 7 ಗೇಜಿನದು ಚಳಿಗೆ. ನೂಲು ಮೆರಿನೊ ಕುರಿಯದಾಗಿದ್ದು ಎಳೆಯ ದಪ್ಪ 18–19 ಮೈಕ್ರಾನಿನ ಆಸುಪಾಸಿನಲ್ಲಿದ್ದರೆ ಮೈಗೆ ಚುಚ್ಚುವುದಿಲ್ಲ. ಎಳೆಯು 30 ಮೈಕ್ರಾನಿನತ್ತ ಹೋದಂತೆಲ್ಲ ಅದರ ತುದಿ ಬಾಗದೆ ಚರ್ಮಕ್ಕೆ ನಾಟುವುದರಿಂದ ನವೆಯೇಳುತ್ತದೆ. ಈ ಅಂಕಿಗಳನ್ನು ಹೇಳುವವರು ಅಂಗಡಿಯಲ್ಲಿ ಇಲ್ಲದಿದ್ದರೂ ಚಿಂತೆಯಿಲ್ಲ. ಸ್ವೆಟರನ್ನು ಬಾಯಿಗೆ ಹತ್ತಿರ ಹಿಡಿದು, ಅದರಾಚೆ ಅಂಗೈಯನ್ನಿಟ್ಟು ಉಸಿರೂದಿರಿ. ಉಸಿರು ಸಲೀಸಾಗಿ ಅಂಗೈಗೆ ತಾಗಿದರೆ ಗಾಳಿಯಾಡುವ ಹೆಣಿಗೆ, ತಾಗದಿದ್ದರೆ ಗರ್ನ್ಸಿಯ ಜಾತಿಯದು. ಹತ್ತಿಯ ಸ್ವೆಟರೂ ಉಂಟಲ್ಲವೆ ಎಂದು ಕೇಳುವವರಿಗೆ ಹೇಳಬೇಕಾದ ಮಾತಿಷ್ಟು: ಇಂಗ್ಲೆಂಡಿನ ಡರ್ಬಿಷೈರಿನಲ್ಲಿ 1784ರಿಂದ ನಡೆದುಬಂದಿರುವ ಜಾನ್ ಸ್ಮೆಡ್ಲಿ ಗಿರಣಿಯವರು ಉದ್ದನೆಯ ಎಳೆಯ ಸೀ ಐಲೆಂಡ್ ಹತ್ತಿಯಿಂದ ಹೆಣೆಯುವಂಥ ಅತಿ ನಯವಾದ ಬಟ್ಟೆ ಬೇಸಗೆಗೆ ನಿಜಕ್ಕೂ ಸೊಗಸು, ಆದರೆ ಸಾಧಾರಣ ಹತ್ತಿಯಿಂದ ದಪ್ಪವಾಗಿ ಹೆಣೆದ ಸ್ವೆಟರು ಉಣ್ಣೆಯದಕ್ಕಿಂತ ಭಾರವಾಗಿ, ಬೆವರನ್ನು ಕುಡಿದು ಜೋತುಬಿದ್ದು, ನಾಲ್ಕು ಬಾರಿ ಒಗೆಯುವಷ್ಟರಲ್ಲಿ ಮೊಳಕಾಲಿನತ್ತ ಇಳಿಯತೊಡಗುತ್ತದೆ.

ಸ್ವೆಟರಿನ ಒಳಗೆ ತೊಡುವ ಅಂಗಿಯು ತೆಳುವಾದ ಪಾಪ್ಲಿನ್ನಿನದೋ ಲಿನನ್ನಿನದೋ ಆಗಿರತಕ್ಕದ್ದು. ಅದರೊಳಗೆ ಮತ್ತೊಂದು ಬನಿಯನ್ನು ಬೇಡ. ಕಾಲರು ಸ್ವೆಟರಿನ ಕೊರಳೊಳಗೆ ಅಡಗಿರಲಿ, ಮೇಲಿನ ಗುಂಡಿ ಬಿಚ್ಚಿರಲಿ. ಟೈ ಕಟ್ಟಲೇಬೇಕಾದ ಸಂದರ್ಭದಲ್ಲಿ ಹೆಣೆದ ರೇಷ್ಮೆಯ ಟೈ ಒಪ್ಪುತ್ತದೆ. ಷರಾಯಿಯು ಬೂದುಬಣ್ಣದ ಅಥವಾ ಕಂದುಬಣ್ಣದ ಹತ್ತಿಯ ಡ್ರಿಲ್ಲಿನದಾದರೆ ಕೆನೆಬಣ್ಣದ ಸ್ವೆಟರಿಗೆ ಹೊಂದುತ್ತದೆ. ಮೇಲೂ ಕೆಳಗೂ ಬಿಳಿಯನ್ನೇ ಧರಿಸುವುದು ಮೈದಾನದಲ್ಲಿ ಚೆನ್ನು, ಬೀದಿಯಲ್ಲಿ ಅಷ್ಟು ಚೆನ್ನಲ್ಲ. ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೆಳಗಿನ ಸಂಚಾರಕ್ಕೆ ಬರುವ ವೃದ್ಧರಲ್ಲಿ, ಬಿಳಿಯ ಪಂಚೆ, ಪೂರ್ಣತೋಳಿನ ಬಿಳಿಯ ಅಂಗಿ, ಅದರ ಮೇಲೆ ಬೂದುಬಣ್ಣದ ತೋಳಿಲ್ಲದ ಸ್ವೆಟರು, ಈ ಮೂರರಲ್ಲಿ ನಡೆದುಬರುವವರನ್ನು ನಾನು ಮೆಚ್ಚುಗೆಯಿಂದ ನಿಂತು ನೋಡಿದ್ದೇನೆ. ಯಾವ ಯುವರಾಜನ ವೇಷಕ್ಕೂ ಕಡಮೆಯಿಲ್ಲದ ಘನತೆ ಅದರಲ್ಲಿದೆ. ಪಂಚೆಯ ಕೆಳಗೆ ಗಾಳಿಯಾಡುತ್ತಿರುವಾಗ ಎದೆಯ ಮೇಲೆ ಉಣ್ಣೆಯಿದ್ದರೆ ಸೆಖೆಯಾಗದೆಂಬ ವಿವೇಕವೂ ಇದೆ.

ಸ್ವೆಟರಿನ ಅಳತೆ ಮೈಗೆ ಅಂಟುವಂತೆ ಇರಬಾರದು. ಅಂಗಿಗೂ ಅದಕ್ಕೂ ನಡುವೆ ಎರಡು ಬೆರಳು ಆಡುವಷ್ಟು ಸಡಿಲವಿರಲಿ. ಉದ್ದವು ಸೊಂಟದ ಪಟ್ಟಿಯನ್ನು ಮುಚ್ಚಿದರೆ ಸಾಕು.

ಹವೆಯ ವಿಷಯದಲ್ಲಿ ಸ್ವಲ್ಪ ನಿಷ್ಠುರವಾಗಿಯೇ ಹೇಳಬೇಕಾಗಿದೆ. ಸಮುದ್ರಮಟ್ಟದಿಂದ ಸುಮಾರು 920 ಮೀಟರು ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಜನವರಿಯ ನಸುಕಿಗೆ 15–16 ಡಿಗ್ರಿಯಿದ್ದ ಉಷ್ಣತೆ ಮಧ್ಯಾಹ್ನಕ್ಕೆ 27ರವರೆಗೆ ಏರುತ್ತದೆ. ಮುಂಗಾರು ಹಿಡಿದ ಜುಲೈ ಆಗಸ್ಟುಗಳಲ್ಲಿ ಮೋಡ ಕವಿದು ತಣ್ಣನೆಯ ಗಾಳಿ ದಿನವಿಡೀ ಬೀಸುತ್ತಿರುತ್ತದೆ. ಇಂಗ್ಲೆಂಡಿನ ಬೇಸಗೆಯೆಂದರೆ ಬಹುಮಟ್ಟಿಗೆ ಇದೇ. ನನ್ನ ಅನುಭವದಲ್ಲಿ 18ರಿಂದ 24 ಡಿಗ್ರಿಯವರೆಗೆ ನಯವಾದ ಉಣ್ಣೆಯ ಸ್ವೆಟರು ಸುಖಕರ. 26ರವರೆಗೆ, ನೆರಳೂ ಗಾಳಿಯೂ ಇದ್ದರೆ, ತೋಳಿಲ್ಲದ್ದು ಸಹ್ಯ. ಅದರಾಚೆಗೆ ಅದನ್ನು ಕಳಚಿ ಹೆಗಲ ಮೇಲೆ ಹಾಕಿಕೊಳ್ಳುವುದೇ ಲೇಸು. ಏಪ್ರಿಲ್ಲಿನ ಕಲಬುರಗಿಯಲ್ಲಿಯೂ, ವರ್ಷದ ಯಾವ ತಿಂಗಳಲ್ಲೇ ಆಗಲಿ ಮಂಗಳೂರಿನಲ್ಲಿಯೂ ಈ ಸಾಹಸ ಬೇಡ. ಗಾಳಿಯೇ ತೇವದಿಂದ ತುಂಬಿರುವಾಗ ಉಣ್ಣೆಯು ಹೀರಿದ ಆವಿಯನ್ನು ಹೊರಬಿಡಲು ಎಡೆಯಿರುವುದಿಲ್ಲ. ಆದರೆ ಮಂಗಳೂರಿನವರೂ ರಾತ್ರಿಯ ಎ.ಸಿ. ಬಸ್ಸಿನಲ್ಲಿ ಘಟ್ಟವನ್ನು ಹತ್ತುವಾಗ, ದುಬೈಯ ಕನ್ನಡಿಗರು ಶೀತಲೀಕರಿಸಿದ ಕಚೇರಿಯಲ್ಲಿ ಕೂರುವಾಗ, ಕೈಚೀಲದಲ್ಲೊಂದು ತೆಳುವಾದ ಮೆರಿನೊ ಸ್ವೆಟರು ಇದ್ದರೆ ಅದರ ಉಪಕಾರವನ್ನು ಮರೆಯರು.

ಕಳಚುವುದಕ್ಕೂ ಒಂದು ಕ್ರಮವುಂಟು. ಕೊರಳನ್ನು ಹಿಡಿದು ಎಳೆದರೆ ಪಟ್ಟಿ ಸಡಿಲಾಗಿ ಎಂದಿಗೂ ಮೊದಲಿನ ಸ್ಥಿತಿಗೆ ಬಾರದು. ಎರಡೂ ಕೈಗಳನ್ನು ಅಡ್ಡವಾಗಿಟ್ಟು ಕೆಳಗಣ ಅಂಚನ್ನು ಹಿಡಿದು ಮೇಲಕ್ಕೆ ತೆಗೆಯಬೇಕು. ತೆಗೆದ ಮೇಲೆ ಹೆಗಲ ಮೇಲೆ ಹರಡಿ ತೋಳುಗಳನ್ನು ಎದೆಯ ಮುಂದೆ ಸಡಿಲವಾಗಿ ಗಂಟುಹಾಕುವುದು ಗಾಳಿಯಾಡುವ ಸಂಜೆಗೆ ಉಚಿತ. ನಡುವಿಗೆ ಕಟ್ಟಿಕೊಳ್ಳುವುದು ಅಂಪೈರುಗಳಿಗೆ ಶೋಭಿಸಿದಷ್ಟು ಉಳಿದವರಿಗೆ ಶೋಭಿಸದಾದರೂ ಬೆಟ್ಟ ಹತ್ತುವಾಗ ಅದಕ್ಕಿಂತ ಅನುಕೂಲವಾದುದು ಇಲ್ಲ.

ಬೆಚ್ಚನೆಯ ಹವೆಯಲ್ಲಿ ಧರಿಸಿದ ಸ್ವೆಟರಿಗೆ ಬೆವರಿನ ಸೋಂಕು ಹೆಚ್ಚು. ಬೆವರಿನ ಕೊಳೆಯಿದ್ದ ಉಣ್ಣೆಯನ್ನೇ ನುಸಿಯ ಮರಿಹುಳುಗಳು ಹುಡುಕಿಕೊಂಡು ಬರುವುವು. ಹಾಗೆಂದು ಪ್ರತಿ ಬಾರಿಯೂ ಒಗೆಯಬೇಕಾದುದಿಲ್ಲ. ತೊಟ್ಟು ಬಂದ ದಿನ ನೆರಳಿನಲ್ಲಿ ಹರವಿ ಗಾಳಿಗೆ ಬಿಟ್ಟರೆ ವಾಸನೆ ತಾನಾಗಿ ಹೋಗುತ್ತದೆ. ಆದರೆ ಟ್ರಂಕಿಗೆ ಇಡುವ ಮುನ್ನ ಒಗೆಯದೆ ಇಡಬಾರದು. ಉಣ್ಣೆಯ ಎಳೆಯ ಮೇಲೆ ಮೀನಿನ ಹುರುಪೆಯಂಥ ಸೂಕ್ಷ್ಮ ಪದರಗಳಿವೆ. ಬಿಸಿನೀರಿನಲ್ಲಿ ಉಜ್ಜಿದರೆ ಅವು ಒಂದಕ್ಕೊಂದು ಕಚ್ಚಿಕೊಂಡು ಸ್ವೆಟರು ಕುಗ್ಗಿ ಗಟ್ಟಿಯಾಗುತ್ತದೆ, ಹಾಗಾದ ಮೇಲೆ ಅದನ್ನು ಬಿಡಿಸುವ ಉಪಾಯವಿಲ್ಲ. ತಣ್ಣೀರಿನಲ್ಲಿ ಅಂಟುವಾಳದ ನೊರೆಯನ್ನು ಮಾಡಿ, ಹತ್ತು ನಿಮಿಷ ನೆನೆಹಾಕಿ, ಮೃದುವಾಗಿ ಅದುಮಿ ತೆಗೆದು, ಹಿಂಡದೆ, ದಪ್ಪ ಟವೆಲಿನಲ್ಲಿ ಚಾಪೆಯಂತೆ ಸುತ್ತಿ ನೀರನ್ನು ಹೀರಿಸಿ, ಮಂಚದ ಮೇಲೆ ಅಗಲವಾಗಿ ಹರವಿ ಒಣಗಿಸಬೇಕು. ಹಗ್ಗದ ಮೇಲೆ ನೇತುಹಾಕಿದರೆ ನೀರಿನ ಭಾರಕ್ಕೆ ತೋಳುಗಳು ಮೊಳದುದ್ದ ಬೆಳೆಯುವುವು. ಚೆನ್ನಾಗಿ ಒಣಗಿದ ಮೇಲೆ ಮಡಿಸಿ, ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿ, ನುಸಿಗುಳಿಗೆಯನ್ನು ಬಟ್ಟೆಗೆ ನೇರವಾಗಿ ತಾಗದಂತೆ ಪೊಟ್ಟಣ ಕಟ್ಟಿ ಇಡಬೇಕು. ತಿಂಗಳಿಗೊಮ್ಮೆ ತೆಗೆದು ಕೊಡವಿ ಒಂದು ಗಳಿಗೆ ಬಿಸಿಲಿಗೆ ಹಿಡಿದರೆ ಮೊಟ್ಟೆಗಳೇನಾದರೂ ಇದ್ದರೂ ಉದುರುವುವು.

ನಮ್ಮ ದೊಡ್ಡಮ್ಮನವರು ಸೈಕಲ್ಲಿನ ಕಡ್ಡಿಗಳನ್ನು ಉಜ್ಜಿ ನುಣುಪು ಮಾಡಿಕೊಂಡು, ಸೆಖೆಯ ದಿನಗಳಲ್ಲಿ ಬೆರಳಿಗೆ ನೂಲು ಅಂಟದಂತೆ ಪೌಡರು ಹಚ್ಚಿಕೊಂಡು, ಹಜಾರದ ಕಂಬಕ್ಕೆ ಒರಗಿ ಹೆಣೆಯುತ್ತಿದ್ದರು. ನಾನು ಮೊದಲು ತೊಟ್ಟ ತೋಳಿಲ್ಲದ ಸ್ವೆಟರಿನ ನೂಲು ನನ್ನ ಅಣ್ಣನ ಪೂರ್ಣತೋಳಿನ ಸ್ವೆಟರಿನದು. ಅಣ್ಣ ಬೆಳೆದು ಅದು ಅವನಿಗೆ ಬಿಗಿಯಾದಾಗ, ಅವರು ಹೆಗಲಿನ ಹೊಲಿಗೆಯನ್ನು ಬಿಚ್ಚಿ, ನೂಲಿನ ತುದಿಯನ್ನು ಹುಡುಕಿ ಎಳೆದು, ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ನೀರಿನಲ್ಲಿ ಅದ್ದಿ, ಲಡಿಯ ಬುಡಕ್ಕೊಂದು ಚಿಕ್ಕ ಕಲ್ಲನ್ನು ಕಟ್ಟಿ ಗೂಟಕ್ಕೆ ತೂಗುಹಾಕಿದ್ದರು. ಹಳೆಯ ಕುಣಿಕೆಗಳ ಸೊಟ್ಟಗಳೆಲ್ಲ ಮರುದಿನದ ಹೊತ್ತಿಗೆ ನೆಟ್ಟಗಾಗಿದ್ದುವು. ಕೈಹೆಣಿಗೆಯ ನಿಜವಾದ ಉಣ್ಣೆಯ ಸ್ವೆಟರು ನಿಮ್ಮ ಮನೆಯಲ್ಲಿ ಹಳೆಯದಾಗಿ ಮೊಣಕೈ ಸವೆದು ಬಿದ್ದಿದ್ದರೆ, ಹೆಣಿಗೆಯನ್ನು ಬಲ್ಲವರೊಬ್ಬರ ಬಳಿಗೆ ಅದನ್ನು ಒಯ್ಯಿರಿ. ತೋಳುಗಳನ್ನು ಬಿಚ್ಚಿಸಿ, ಕೊರಳನ್ನು ತಗ್ಗಿಸಿ, ಬಂದ ನೂಲಿನಿಂದ ಅಂಚುಗಳಿಗೆ ಪಟ್ಟಿ ಕೊಡಿಸಿದರೆ ಮುಂದಿನ ಶ್ರಾವಣಕ್ಕೆ ತೊಡಬಹುದಾದ ಸ್ವೆಟರು ಸಿದ್ಧವಾಗುತ್ತದೆ.